ನಲ್ಲಿ ಸೊರಗಿದೆ: ಬದಲಿಸಬೇಕಾದ್ದು ಪಂಪೋ, ಪೈಪೋ, ಟ್ಯಾಂಕೋ?

ಬಾವಿ ನೀರನ್ನೇ ನಂಬಿದ ಮನೆಯಲ್ಲಿ ಶವರ್ ಸುರಿಯುವುದನ್ನು ಬಿಟ್ಟು ತೊಟ್ಟಿಕ್ಕತೊಡಗಿದರೆ ಎಲ್ಲರ ಬಾಯಲ್ಲೂ ಮೊದಲು ಬರುವುದು ಒಂದೇ ಮಾತು: "ಪಂಪು ಸಾಲುತ್ತಿಲ್ಲ, ದೊಡ್ಡದು ಹಾಕಿಸೋಣ." ನಾನೂ ಹಾಗೆಯೇ ಅಂದುಕೊಂಡವನು. ಚಾವಣಿಯ ಟ್ಯಾಂಕಿನ ಪಕ್ಕದಲ್ಲಿ ಚೆನ್ನಾಗಿಯೇ ಓಡುತ್ತಿದ್ದ ಅರ್ಧ ಎಚ್‌ಪಿ ಪ್ರೆಷರ್ ಪಂಪನ್ನು ಕಳಚಿಸಿ ಒಂದು ಎಚ್‌ಪಿಯದನ್ನು ಕೂರಿಸಿದೆ. ಸದ್ದು ಜೋರಾಯಿತು, ವಿದ್ಯುತ್ ಬಿಲ್ಲು ಏರಿತು, ಶವರ್ ಮಾತ್ರ ಇದ್ದಂತೆಯೇ ಇತ್ತು. ಕೆಲವು ತಿಂಗಳ ಮೇಲೆ ಬೇರೇನೋ ಸೋರಿಕೆಗೆಂದು ಬಂದ ಪ್ಲಂಬರ್ ಟ್ಯಾಂಕಿನ ಬುಡದ ಗೇಟ್ ವಾಲ್ವ್ ಬಿಚ್ಚಿದರು. ಹಿಡಿ ಸಲೀಸಾಗಿ ತಿರುಗುತ್ತಿತ್ತು. ಒಳಗಿನ ಹಿತ್ತಾಳೆಯ ಬಿಲ್ಲೆ ಮಾತ್ರ ತಿರುಪಿನಿಂದ ಕಳಚಿಕೊಂಡು ಮುಕ್ಕಾಲು ದಾರಿ ಮುಚ್ಚಿ ಕುಳಿತಿತ್ತು. ಎರಡು ಪಟ್ಟು ಶಕ್ತಿಯ ಯಂತ್ರಕ್ಕೂ ಕುಡಿಯಲು ಸಿಗುತ್ತಿದ್ದುದು ಅಷ್ಟೇ ನೀರು.

ಹಾಗಾಗಿ ಈ ಹೋಲಿಕೆಯನ್ನು ನಾನು ಪಂಪುಗಳಿಂದ ಶುರು ಮಾಡುವುದಿಲ್ಲ. ಟ್ಯಾಂಕನ್ನು ಎತ್ತರಿಸುವುದು, ಪೈಪು ಬದಲಿಸುವುದು, ಪ್ರೆಷರ್ ಪಂಪು, ಪ್ರೆಷರ್ ಟ್ಯಾಂಕು (ಗಾಳಿಯ ಒತ್ತಡದಲ್ಲಿ ನೀರು ಹಿಡಿದಿಡುವಂಥದ್ದು), ಮೋಟಾರಿನ ವೇಗ ಬದಲಿಸುವ ಡ್ರೈವ್, ನೆಲಮಟ್ಟದ ಸಂಗ್ರಹ ತೊಟ್ಟಿ ಎಲ್ಲವೂ ಒಳ್ಳೆಯ ಮದ್ದುಗಳೇ. ಆದರೆ ಒಂದೊಂದೂ ಒಂದೊಂದು ಕಾಯಿಲೆಯದು. ನಿಮ್ಮ ಮನೆಯಲ್ಲಿ ಒತ್ತಡ ಎಲ್ಲಿ ಕಳೆದುಹೋಗುತ್ತಿದೆ ಎಂದು ಗೊತ್ತಾಗದೆ ಯಾವುದನ್ನು ಕೊಂಡರೂ ಅದು ಜೂಜು.

ಗೇಜ್, ಬಕೆಟ್, ಗಡಿಯಾರ

ನಲ್ಲಿಯ ಬಾಯಿಗೆ ತಿರುಪಿ ಕೂರಿಸುವ ಒತ್ತಡದ ಗೇಜ್ ಒಂದು ಬೇಕು. ಟ್ಯಾಂಕಿಗೋ ಪಂಪಿಗೋ ಹತ್ತಿರದ ನಲ್ಲಿಗೆ ಅದನ್ನು ಹಾಕಿ, ಮನೆಯ ಉಳಿದ ನಲ್ಲಿಗಳನ್ನೆಲ್ಲ ಮುಚ್ಚಿ, ಮುಳ್ಳು ಎಲ್ಲಿ ನಿಂತಿದೆ ನೋಡಿ. ಆಮೇಲೆ ಇನ್ನೊಂದು ನಲ್ಲಿಯನ್ನು ಪೂರ್ತಿ ತೆರೆದು ಮತ್ತೆ ನೋಡಿ. ಮುಚ್ಚಿದಾಗಲೇ ಮುಳ್ಳು ಕೆಳಗಿದ್ದರೆ ದೋಷ ಒತ್ತಡ ಹುಟ್ಟುವ ಕಡೆ ಇದೆ: ಟ್ಯಾಂಕಿನ ಎತ್ತರ, ಪಂಪು, ಇಲ್ಲವೇ ಒತ್ತಡ ನೋಡಿ ಅದನ್ನು ಶುರು ಮಾಡಿ ನಿಲ್ಲಿಸುವ ಸ್ವಿಚ್ಚು. ಮುಚ್ಚಿದಾಗ ಚೆನ್ನಾಗಿದ್ದು, ತೆರೆದ ಕೂಡಲೇ ಪಾತಾಳಕ್ಕೆ ಇಳಿದರೆ ಗೇಜಿಗೂ ಮೂಲಕ್ಕೂ ನಡುವೆ ಎಲ್ಲೋ ದಾರಿ ಕಟ್ಟಿದೆ. ಮುಳ್ಳು ಕೆಲವೇ ಸೆಕೆಂಡುಗಳಿಗೊಮ್ಮೆ ಏರುತ್ತ ಇಳಿಯುತ್ತ, ಜೊತೆಗೆ ಸ್ವಿಚ್ಚು ಟಕ್ ಟಕ್ ಅನ್ನುತ್ತಿದ್ದರೆ ಪ್ರೆಷರ್ ಟ್ಯಾಂಕಿನ ಗಾಳಿ ಹೋಗಿದೆ.

ಗೇಜ್ ಹೇಳುವುದು ಒತ್ತಡವನ್ನು, ಹರಿವನ್ನಲ್ಲ. ಅದಕ್ಕೆ ಬಕೆಟ್. ಹತ್ತು ಲೀಟರಿನ ಬಕೆಟ್ ತುಂಬಲು ಒಂದು ನಿಮಿಷ ಹಿಡಿದರೆ ಹರಿವು ನಿಮಿಷಕ್ಕೆ ಹತ್ತು ಲೀಟರ್. ಒಂದು ಸಾಧಾರಣ ಶವರಿಗೆ ಅಷ್ಟು ಸಾಕು. ಎರಡು ನಿಮಿಷ ಹಿಡಿದರೆ ಜನ ಗೊಣಗುತ್ತಾರೆ. ಇದೇ ಪರೀಕ್ಷೆಯನ್ನು ಮನೆಯ ಎಲ್ಲ ನಲ್ಲಿಗಳಲ್ಲೂ ಮಾಡಿದರೆ ಒಂದು ನಕ್ಷೆಯೇ ಸಿಗುತ್ತದೆ. ಒಂದೇ ನಲ್ಲಿ ಸೊರಗಿದ್ದರೆ ತಪ್ಪು ಆ ನಲ್ಲಿಯದು. ಬಿಸಿನೀರು ಮಾತ್ರ ಸೊರಗಿದ್ದರೆ ಗೀಸರ್, ಅದರ ವಾಲ್ವ್ ಅಥವಾ ಅದರ ಪೈಪು. ಕೆಳಗೆ ಜೋರಾಗಿದ್ದು ಮೇಲಿನ ಮಹಡಿಯಲ್ಲಿ ಮಾತ್ರ ಸೊರಗಿದ್ದರೆ ಎತ್ತರದ ಕೊರತೆ. ಎಲ್ಲ ಕಡೆ ವರ್ಷಗಟ್ಟಲೆ ನಿಧಾನವಾಗಿ ಸೊರಗಿದ್ದರೆ ಪೈಪಿನೊಳಗಿನ ಪದರವೋ ಫಿಲ್ಟರೋ. ರಾತ್ರಿ ಬೆಳಗಾಗುವುದರೊಳಗೆ ಸೊರಗಿದ್ದರೆ ವಾಲ್ವ್, ಸೋರಿಕೆ, ಸ್ವಿಚ್ಚು ಅಥವಾ ವೋಲ್ಟೇಜು.

ಜರಡಿಯಲ್ಲಿ ಸಿಕ್ಕಿದ್ದು

ಕೊಳ್ಳುವುದಕ್ಕೆ ಮೊದಲು ತೊಳೆಯುವುದು. ನಲ್ಲಿಯ ತುದಿಯ ಚಿಕ್ಕ ಜರಡಿಯನ್ನು ಬೆರಳಲ್ಲೇ ತಿರುಪಿ ತೆಗೆಯಿರಿ. ಬಿಗಿಯಾಗಿದ್ದರೆ ಬಟ್ಟೆ ಸುತ್ತಿ ಇಕ್ಕಳ ಹಾಕಿ. ಅದನ್ನು ಹಾಗೆಯೇ ನಲ್ಲಿಯ ಕೆಳಗೆ ಹಿಡಿದು ತೊಳೆದುಬಿಡಬೇಡಿ. ಬಿಳಿ ತಟ್ಟೆಯ ಮೇಲೆ ಬಡಿದು ಏನು ಉದುರುತ್ತದೆ ನೋಡಿ, ಏಕೆಂದರೆ ಇಡೀ ವ್ಯವಸ್ಥೆಯ ಸಮಾಚಾರ ಆ ಚಿಟಿಕೆ ಕಸದಲ್ಲಿದೆ. ಬೆರಳ ನಡುವೆ ಉಜ್ಜಿದಾಗ ಕರಕರ ಅನ್ನುವ ಮರಳು ಬಂದರೆ ಬಾವಿ ಮರಳು ಉಗುಳುತ್ತಿದೆ ಎಂದರ್ಥ. ಅದೇ ಮರಳು ಪಂಪಿನೊಳಗೆ ತಿರುಗಿ ನೀರು ತಳ್ಳುವ ಚಕ್ರವನ್ನೂ (ಇಂಪೆಲ್ಲರ್) ಸವೆಸುತ್ತಿರುತ್ತದೆ. ಬಿಳಿಯ ಗಟ್ಟಿ ಚಕ್ಕೆಯಾದರೆ ಗಡಸು ನೀರಿನ ಸುಣ್ಣ. ವಿನಿಗರ್‌ನಲ್ಲಿ ಒಂದು ರಾತ್ರಿ ನೆನೆಸಿದರೆ ಕರಗುತ್ತದೆ, ಆದರೆ ಗೀಸರಿನೊಳಗೂ ಅದೇ ಕೂತಿದೆ ಎಂದು ತಿಳಿಯಿರಿ. ಕಂದುಬಣ್ಣದ ಹುಡಿ ಉದುರಿದರೆ ಹಳೆಯ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪು ಒಳಗೊಳಗೇ ತುಕ್ಕಾಗುತ್ತಿದೆ. ಕೆಂಗಂದು ಲೋಳೆ ಮೆತ್ತಿಕೊಂಡಿದ್ದರೆ ಅದು ಕಬ್ಬಿಣದ ಅಂಶವನ್ನು ತಿಂದು ಬದುಕುವ ಬ್ಯಾಕ್ಟೀರಿಯಾದ ಕೆಲಸವಿರಬಹುದು. ಅದು ಆರೋಗ್ಯಕ್ಕಿಂತ ಹೆಚ್ಚಾಗಿ ಪೈಪು, ಸ್ವಿಚ್ಚು, ಪಂಪಿನ ಜರಡಿಗಳಿಗೆ ಶತ್ರು. ಬಾವಿಗೆ ಕ್ಲೋರಿನ್ ಹಾಕಿ ಶುಚಿ ಮಾಡಿಸದೆ ನಲ್ಲಿಯಲ್ಲಿ ತೊಳೆದು ಮುಗಿಯುವಂಥದ್ದಲ್ಲ.

ಫಿಲ್ಟರ್ ಇದ್ದರೆ, ನೀರನ್ನು ಅದರೊಳಗೆ ಹಾಯಿಸದೆ ಪಕ್ಕದಿಂದ ಬಿಡುವ ಬೈಪಾಸ್ ವಾಲ್ವ್ ತೆರೆದು ಐದು ನಿಮಿಷ ನೀರು ಬಿಟ್ಟು ನೋಡಿ. ಮುಳ್ಳು ನೆಗೆದರೆ ಕಾರ್ಟ್ರಿಜ್ ಬದಲಿಸಿ, ಕೆಲಸ ಮುಗಿಯಿತು. ಬೈಪಾಸ್ ಇಲ್ಲದೆ ಫಿಲ್ಟರ್ ಕೂರಿಸಿದವರ ಮೇಲೆ ನನಗೆ ಕೋಪ ಇದೆ, ಅದು ಬೇರೆ ವಿಷಯ.

ಎತ್ತರಿಸುವುದೋ, ಪೈಪು ಹಿಗ್ಗಿಸುವುದೋ, ಪಂಪು ಕೂರಿಸುವುದೋ

ಚಾವಣಿಯ ಟ್ಯಾಂಕಿನಿಂದ ಇಳಿಯುವ ನೀರಿನ ಲೆಕ್ಕ ಸರಳ: ಹತ್ತು ಮೀಟರ್ ಎತ್ತರಕ್ಕೆ ಹೆಚ್ಚುಕಡಿಮೆ ಒಂದು ಬಾರ್, ಅಂದರೆ 14 ಪಿಎಸ್‌ಐ (ಎರಡೂ ಒತ್ತಡದ ಅಳತೆಗಳು). ಒಂದಂತಸ್ತಿನ ಮನೆಯಲ್ಲಿ ಟ್ಯಾಂಕಿನ ತಳ ಶವರಿಗಿಂತ ಎರಡು ಮೀಟರ್ ಮೇಲಿದ್ದರೆ ಅಲ್ಲಿ ಸಿಗುವುದು 0.2 ಬಾರ್. ಇಷ್ಟರಲ್ಲಿ ಬಕೆಟ್ ತುಂಬುತ್ತದೆ. ಮಳೆಯಂತೆ ಸುರಿಯಲೆಂದು ಮಾಡಿದ ದೊಡ್ಡ ಶವರ್ ಕೆಲಸ ಮಾಡುವುದಿಲ್ಲ. ಬಾವಿಯಿಂದ ಟ್ಯಾಂಕಿಗೆ ನೀರೆತ್ತುವ ಪಂಪನ್ನು ಎಷ್ಟು ದೊಡ್ಡದು ಮಾಡಿದರೂ ಈ 0.2 ಕದಲುವುದಿಲ್ಲ. ಟ್ಯಾಂಕು ಬೇಗ ತುಂಬುತ್ತದೆ, ಅಷ್ಟೇ.

ಟ್ಯಾಂಕನ್ನು ಒಂದು ಮೀಟರ್ ಎತ್ತರಿಸಿದರೆ ಬರುವ ಲಾಭ 0.1 ಬಾರ್. ಅನುಪಾತದ ಲೆಕ್ಕದಲ್ಲಿ ಎರಡಿದ್ದದ್ದು ಮೂರಾಯಿತು, ಕಡಿಮೆಯೇನಲ್ಲ. ಕರೆಂಟು ಹೋದರೂ ನೀರು ಬರುತ್ತದೆ, ಸದ್ದಿಲ್ಲ, ಕೆಡುವ ಭಾಗವಿಲ್ಲ. ಆದರೆ ಸಾವಿರ ಲೀಟರ್ ನೀರು ಎಂದರೆ ಒಂದು ಟನ್ ಭಾರ. ಅದನ್ನು ಕಂಬದ ಮೇಲೆ ನಿಲ್ಲಿಸುವ ಮುನ್ನ ಕಟ್ಟಡ ತಿಳಿದವರನ್ನು ಕೇಳಲೇಬೇಕು. ಒಂದು ಬಾರ್ ಬೇಕೆಂದು ಆಸೆಪಟ್ಟರೆ ಹತ್ತು ಮೀಟರಿನ ಗೋಪುರ ಕಟ್ಟಬೇಕಾಗುತ್ತದೆ. ಆ ಆಸೆಗೆ ಪಂಪೇ ಸರಿ.

ನಡುವಿನ ದಾರಿಯೊಂದನ್ನು ಜನ ಮರೆಯುತ್ತಾರೆ: ಇಳಿಯುವ ಪೈಪನ್ನು ದಪ್ಪ ಮಾಡುವುದು. ಅದೇ ಹರಿವಿಗೆ ಪೈಪಿನ ಒಳವ್ಯಾಸ ಅರ್ಧಕ್ಕೆ ಇಳಿದರೆ ಘರ್ಷಣೆಯ ನಷ್ಟ ಸುಮಾರು 30 ಪಟ್ಟಾಗುತ್ತದೆ. ಇರುವುದೇ 0.2 ಬಾರ್ ಆದಾಗ ಉದ್ದನೆಯ ಅರ್ಧ ಇಂಚಿನ ಪೈಪು, ನಾಲ್ಕಾರು ಮೊಣಕೈ ಬಾಗುಗಳು ಅದನ್ನೆಲ್ಲ ನುಂಗಿಬಿಡುತ್ತವೆ. ಟ್ಯಾಂಕಿನಿಂದ ಸ್ನಾನದ ಮನೆಯವರೆಗೆ ಒಂದೂಕಾಲು ಅಥವಾ ಒಂದು ಇಂಚಿನ ಪೈಪು ತಂದು, ಕೊನೆಯ ಒಂದೆರಡು ಮೀಟರಿನಲ್ಲಿ ಮಾತ್ರ ಸಣ್ಣದು ಮಾಡಿದರೆ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಟ್ಯಾಂಕಿನ ಹೊರದಾರಿಯ ವಾಲ್ವ್ ದಾಟಿದ ಕೂಡಲೇ, ಟ್ಯಾಂಕಿನ ನೀರಿನ ಮಟ್ಟಕ್ಕಿಂತ ಮೇಲಕ್ಕೆ ಚಾಚಿದ ಗಾಳಿಕೊಳವೆ ಇದೆಯೇ ಎಂದೂ ನೋಡಿ. ಇಲ್ಲದಿದ್ದರೆ ಟ್ಯಾಂಕು ಒಮ್ಮೆ ಬರಿದಾದ ಮೇಲೆ ಪೈಪಿನಲ್ಲಿ ಗಾಳಿ ಸಿಕ್ಕಿಕೊಂಡು ನಲ್ಲಿ ಗೊರಗೊರ ಎನ್ನುತ್ತಲೇ ಇರುತ್ತದೆ. ಗಾರೆ ಕೆಡವದೆ ಹೊರಗೋಡೆಯಲ್ಲಿ ಪೈಪು ಎಳೆಯಲು ದಾರಿಯಿದ್ದರೆ ನನ್ನ ಮತ ಪಂಪಿಗಿಂತ ಮೊದಲು ಇದಕ್ಕೆ.

ಪೈಪು ಹಳೆಯ ಜಿಐ ಆಗಿದ್ದು ಒಳಗೆಲ್ಲ ತುಕ್ಕಿನ ಗಂಟು ಕಟ್ಟಿದ್ದರೆ ಆಯ್ಕೆಯ ಪ್ರಶ್ನೆಯೇ ಇಲ್ಲ. ಅಂಥ ಪೈಪಿಗೆ ಪ್ರೆಷರ್ ಪಂಪು ಜೋಡಿಸಿದರೆ ಒತ್ತಡಕ್ಕೆ ಮೊದಲು ಸೋರಿಕೆ ಬರುತ್ತದೆ, ಅದೂ ಗೋಡೆಯೊಳಗೆ.

ಪ್ರೆಷರ್ ಪಂಪಿಗೆ ಜೊತೆಗಾರ ಯಾರು?

ಪಂಪೇ ಬೇಕೆಂದು ತೀರ್ಮಾನವಾದರೆ ನಿಜವಾದ ಹೋಲಿಕೆ ಪಂಪುಗಳ ನಡುವೆ ಇಲ್ಲ. ಅದನ್ನು ಶುರು ಮಾಡಿ ನಿಲ್ಲಿಸುವುದು ಯಾರು ಎಂಬುದರಲ್ಲಿದೆ.

ತೀರ ಸರಳವಾದದ್ದು ಪಂಪಿನ ತಲೆಯ ಮೇಲೆ ಕೂರುವ ಸ್ವಯಂಚಾಲಿತ ಕಂಟ್ರೋಲರ್. ನಲ್ಲಿ ತೆರೆದು ಒತ್ತಡ ಇಳಿದರೆ ಪಂಪು ಶುರು, ಹರಿವು ನಿಂತರೆ ಬಂದ್. ನೀರಿಲ್ಲದೆ ಒಣಗಿ ಓಡುವುದನ್ನೂ ಬಹುಪಾಲು ಕಂಟ್ರೋಲರ್‌ಗಳು ತಡೆಯುತ್ತವೆ. ಜಾಗ ಬೇಡ, ಗಾಳಿ ತುಂಬುವ ರಗಳೆ ಇಲ್ಲ. ಇದರ ಶತ್ರು ತೊಟ್ಟಿಕ್ಕುವ ನಲ್ಲಿ: ಫ್ಲಶ್ ಟ್ಯಾಂಕ್ ಸ್ವಲ್ಪ ಸೋರಿದರೂ ರಾತ್ರಿಯಿಡೀ ಪಂಪು ಎದ್ದು ಎದ್ದು ಮಲಗುತ್ತದೆ. ಇನ್ನೊಂದು ಸಂಗತಿಯನ್ನು ಪೆಟ್ಟಿಗೆಯ ಮೇಲೆ ಓದಿಕೊಳ್ಳಿ. ಶುರುವಾಗುವ ಒತ್ತಡ 1.5 ಬಾರ್ ಎಂದಿದ್ದರೆ ಕಂಟ್ರೋಲರಿನಿಂದ ಮೇಲಕ್ಕೆ ನಿಂತ ನೀರಿನ ಕಂಬ 15 ಮೀಟರಿಗಿಂತ ಕಡಿಮೆ ಇರಲೇಬೇಕು. ಹೆಚ್ಚಿದ್ದರೆ ಮೇಲೆ ಯಾರು ನಲ್ಲಿ ತೆರೆದರೂ ಕೆಳಗಿರುವ ಕಂಟ್ರೋಲರಿಗೆ ಆ ಕಂಬದ ಭಾರವೇ ಸಾಕಷ್ಟು ಒತ್ತಡವಾಗಿ ಕಾಣುತ್ತದೆ, ಪಂಪು ಏಳುವುದೇ ಇಲ್ಲ.

ಎರಡನೆಯದು ಪ್ರೆಷರ್ ಟ್ಯಾಂಕು ಮತ್ತು ಸ್ವಿಚ್ಚು. ಉಕ್ಕಿನ ಟ್ಯಾಂಕಿನೊಳಗೆ ರಬ್ಬರಿನ ಚೀಲ. ಒಂದು ಕಡೆ ನೀರು, ಇನ್ನೊಂದು ಕಡೆ ಒತ್ತಿ ತುಂಬಿದ ಗಾಳಿ. ನಲ್ಲಿ ತೆರೆದರೆ ಮೊದಲು ಗಾಳಿಯೇ ನೀರನ್ನು ತಳ್ಳುತ್ತದೆ, ಒತ್ತಡ 30 ಪಿಎಸ್‌ಐಗೆ ಇಳಿದಾಗ ಪಂಪು ಶುರುವಾಗಿ 50ಕ್ಕೆ ನಿಲ್ಲುತ್ತದೆ. ಒಂದು ಲೋಟ ನೀರಿಗೆ ಪಂಪು ಏಳಬೇಕಿಲ್ಲ. ಬಾವಿಯ ನೀರಿನಲ್ಲಿ ಮುಳುಗಿರುವ ಸಬ್‌ಮರ್ಸಿಬಲ್ ಪಂಪಿನಿಂದ ನೇರವಾಗಿ ಮನೆಗೆ ನೀರು ಕೊಡುವುದಾದರೆ ಇದೇ ಹಳೆಯ, ಗಟ್ಟಿ ದಾರಿ. ಆದರೆ ಗಾತ್ರದಲ್ಲಿ ಮೋಸಹೋಗಬೇಡಿ. ನೂರು ಲೀಟರಿನ ಟ್ಯಾಂಕು 50ರಿಂದ 30ಕ್ಕೆ ಇಳಿಯುವಷ್ಟರಲ್ಲಿ ಕೊಡುವುದು ಸುಮಾರು 30 ಲೀಟರ್ ಮಾತ್ರ. ಉಳಿದ ಜಾಗ ಗಾಳಿಯದು. ಸಣ್ಣ ಪಂಪು ಒಮ್ಮೆ ಶುರುವಾದರೆ ಕನಿಷ್ಠ ಒಂದು ನಿಮಿಷವಾದರೂ ಓಡಬೇಕು ಎಂಬುದು ಬಳಕೆಯ ನಿಯಮ. ನಿಮಿಷಕ್ಕೆ 40 ಲೀಟರ್ ಕೊಡುವ ಪಂಪಿಗೆ ಆ ಲೆಕ್ಕದಲ್ಲಿ 130ರಿಂದ 140 ಲೀಟರಿನ ಟ್ಯಾಂಕು ಬೇಕು. ಬೊಗಸೆಯಷ್ಟಿರುವ ಟ್ಯಾಂಕು ಹಾಕಿ ಮೋಟಾರು ಸುಟ್ಟುಕೊಂಡವರು ಬಯ್ಯುವುದು ಮಾತ್ರ ಮೋಟಾರನ್ನು.

ಈಗಾಗಲೇ ಇಂಥ ಟ್ಯಾಂಕಿರುವ ಮನೆಯಲ್ಲಿ ಒತ್ತಡ ಜೋಕಾಲಿಯಾಡುತ್ತಿದ್ದರೆ ಹೊಸದು ಕೊಳ್ಳುವ ಮುನ್ನ ಇಷ್ಟು ಮಾಡಿ. ಟ್ಯಾಂಕಿನ ತಲೆಯ ಮೇಲೆ ಸೈಕಲ್ ಟ್ಯೂಬಿನಲ್ಲಿರುವಂಥದೇ ವಾಲ್ವ್ ಇರುತ್ತದೆ. ಅದರ ಮೊಳೆಯನ್ನು ಒತ್ತಿದಾಗ ಗಾಳಿಯ ಬದಲು ನೀರು ಚಿಮ್ಮಿದರೆ ಚೀಲ ಹರಿದಿದೆ. ಟ್ಯಾಂಕು ಬದಲಿಸುವುದೇ ಸರಿ, ಕೆಲವು ಮಾದರಿಗಳಲ್ಲಿ ಚೀಲವನ್ನಷ್ಟೇ ಬದಲಿಸಬಹುದು. ಗಾಳಿ ಬಂದರೆ, ಪಂಪಿನ ಕರೆಂಟು ಪೂರ್ತಿ ತೆಗೆದು, ನಲ್ಲಿ ತೆರೆದು ಟ್ಯಾಂಕಿನ ನೀರೆಲ್ಲ ಖಾಲಿ ಮಾಡಿ, ಟೈರಿನ ಗೇಜಿನಲ್ಲಿ ಅಳೆಯಿರಿ. ಪಂಪು ಶುರುವಾಗುವ ಒತ್ತಡಕ್ಕಿಂತ ಎರಡು ಪಿಎಸ್‌ಐ ಕಡಿಮೆ ಇರಬೇಕು. 30ಕ್ಕೆ ಶುರುವಾಗುವ ಪಂಪಿಗೆ 28. ಕಡಿಮೆಯಿದ್ದರೆ ಸೈಕಲ್ ಪಂಪು ಸಾಕು. ನೀರು ತುಂಬಿರುವಾಗ ಅಳೆದರೆ ಸಿಗುವುದು ನೀರಿನ ಒತ್ತಡವೇ ಹೊರತು ಗಾಳಿಯ ಅಳತೆಯಲ್ಲ, ಈ ತಪ್ಪು ಬಹಳ ಕಡೆ ಆಗುತ್ತದೆ.

ಸ್ವಿಚ್ಚಿನ ನಟ್ಟು ಬಿಗಿದು 30-50 ಇದ್ದದ್ದನ್ನು 40-60 ಮಾಡುವ ಆಸೆ ಎಲ್ಲರಿಗೂ ಬರುತ್ತದೆ. ಮಾಡಬಹುದು, ಗಾಳಿಯನ್ನೂ 38ಕ್ಕೆ ಏರಿಸಿದರೆ. ಆದರೆ ಪಂಪಿಗೆ 60 ತಲುಪುವ ತಾಕತ್ತೇ ಇಲ್ಲದಿದ್ದರೆ ಮೋಟಾರು ನಿಲ್ಲುವುದೇ ಇಲ್ಲ. ಅದೇ ನೀರನ್ನು ಕಡೆಯುತ್ತ ಕಾದು ಕೂರುತ್ತದೆ.

ಮೂರನೆಯದು ಮೋಟಾರಿನ ವೇಗವನ್ನೇ ಬದಲಿಸುವ ಡ್ರೈವ್. ಒಂದು ನಲ್ಲಿ ತೆರೆದರೆ ನಿಧಾನ, ನಾಲ್ಕು ತೆರೆದರೆ ವೇಗ; ಗೇಜಿನ ಮುಳ್ಳು ಅಲುಗಾಡುವುದಿಲ್ಲ. ವೇಗ ಶೇಕಡಾ 80ಕ್ಕೆ ಇಳಿದರೆ ಪಂಪು ಹುಟ್ಟಿಸುವ ಒತ್ತಡ ಶೇಕಡಾ 64ಕ್ಕೆ ಇಳಿಯುತ್ತದೆ, ಬೇಡುವ ಶಕ್ತಿ ಅರ್ಧದಷ್ಟಾಗುತ್ತದೆ. ಸುಖ ಇರುವುದು ನಿಜ. ಆದರೆ ಇದು ಸೂಕ್ಷ್ಮ ಜೀವಿ: ಏರಿಳಿಯುವ ವೋಲ್ಟೇಜು, ಸಿಡಿಲು, ತೇವ ಯಾವುದೂ ಇದಕ್ಕೆ ಆಗದು. ಕೆಪಾಸಿಟರ್ ಇರುವ ಸಾಧಾರಣ ಸಿಂಗಲ್ ಫೇಸ್ ಮೋಟಾರಿಗೆ ಇದನ್ನು ಸುಮ್ಮನೆ ಜೋಡಿಸಲಾಗದು. ಮೋಟಾರು ಮತ್ತು ಡ್ರೈವ್ ಒಂದಕ್ಕೊಂದು ಹೊಂದಬೇಕು. ಒಂದೇ ಹೊತ್ತಿಗೆ ಮೂರು ನಾಲ್ಕು ಸ್ನಾನ ನಡೆಯುವ ಮನೆಗೆ, ವಿದ್ಯುತ್ ಸ್ಥಿರವಾಗಿರುವ ಕಡೆ ಇದು ಸರಿ. ಇಬ್ಬರೋ ಮೂವರೋ ಇರುವ ಮನೆಗೆ ಟ್ಯಾಂಕು ಮತ್ತು ಸ್ವಿಚ್ಚನ್ನೇ ನಾನು ಆರಿಸುತ್ತೇನೆ; ಕೆಟ್ಟರೆ ಯಾರು ಬೇಕಾದರೂ ರಿಪೇರಿ ಮಾಡುತ್ತಾರೆ.

ಬಾವಿಯೇ ಕೈಚೆಲ್ಲಿದರೆ

ಮೊದಲ ಹದಿನೈದು ಇಪ್ಪತ್ತು ನಿಮಿಷ ನೀರು ಚೆನ್ನಾಗಿ ಬಂದು, ಆಮೇಲೆ ನಲ್ಲಿ ಗಾಳಿ ಉಗುಳುತ್ತ ಕೆಮ್ಮತೊಡಗಿದರೆ ಮೇಲಿನ ಯಾವ ಮದ್ದೂ ನಾಟುವುದಿಲ್ಲ. ಒರತೆ ಕೊಡುವುದಕ್ಕಿಂತ ಹೆಚ್ಚು ಪಂಪು ಎಳೆಯುತ್ತಿದೆ, ನೀರಿನ ಮಟ್ಟ ಪಂಪಿನ ಬಾಯಿಗೇ ಇಳಿದಿದೆ. ತೆರೆದ ಬಾವಿಯಾದರೆ ಹಗ್ಗಕ್ಕೆ ಭಾರ ಕಟ್ಟಿ ಇಳಿಬಿಟ್ಟು, ಪಂಪು ಹಾಕುವ ಮೊದಲು ಮತ್ತು ಅರ್ಧ ಗಂಟೆ ಓಡಿದ ಮೇಲೆ ಅಳೆದರೆ ಸಾಕು. ನೀವೇ ಬಾವಿಗೆ ಇಳಿಯುವ ಸಾಹಸ ಮಾತ್ರ ಬೇಡ. ತಳದಲ್ಲಿ ಉಸಿರಾಡುವ ಗಾಳಿಯೇ ಇಲ್ಲದಿರಬಹುದು. ಮೇಲೆ ಕೂತು ಹೀರುವ ಪಂಪಾದರೆ ಇನ್ನೊಂದು ಮಿತಿಯೂ ಇದೆ: ಲೆಕ್ಕದ ಪ್ರಕಾರ ಹತ್ತು ಮೀಟರ್ ಚಿಲ್ಲರೆ, ವಾಸ್ತವದಲ್ಲಿ ಏಳೆಂಟು ಮೀಟರಿಗಿಂತ ಆಳದಿಂದ ಅದು ಹೀರಲಾರದು. ನೀರು ಅದಕ್ಕಿಂತ ಕೆಳಗಿಳಿದರೆ ಪಂಪನ್ನು ಬಯ್ದು ಫಲವಿಲ್ಲ. ನೀರಿನೊಳಗೇ ಮುಳುಗುವ ಪಂಪು ಬೇಕು. ಬೆಳಿಗ್ಗೆ ಬೆಳಿಗ್ಗೆ ಪಂಪಿಗೆ ನೀರು ತುಂಬಿಸಿ ಶುರು ಮಾಡಬೇಕಾಗಿದ್ದರೆ ಹೀರುವ ಪೈಪಿನ ಕೆಳತುದಿಯ ಫುಟ್ ವಾಲ್ವ್ ಸೋರುತ್ತಿದೆ, ಇಲ್ಲವೇ ಹೀರುವ ಪೈಪಿನ ಜೋಡಣೆಯಲ್ಲಿ ಗಾಳಿ ನುಸುಳುತ್ತಿದೆ.

ಪಂಪನ್ನು ಇನ್ನೂ ಆಳಕ್ಕೆ ಇಳಿಸುವುದು ಒಂದು ದಾರಿ. ಕೆಳಗೆ ನೀರಿದ್ದರೆ ಸರಿ, ಆದರೆ ಎತ್ತಬೇಕಾದ ಎತ್ತರ ಹೆಚ್ಚಿ ಹರಿವು ಕಡಿಮೆಯಾಗುತ್ತದೆ. ತಳಕ್ಕೆ ತೀರ ಹತ್ತಿರ ಇಳಿಸಿದರೆ ಕೆಸರೂ ಬರುತ್ತದೆ. ಹೊಸ ಬಾವಿ ತೋಡುವುದು ಕೊನೆಯ ಮಾತು. ಇವೆರಡಕ್ಕಿಂತ ನನಗೆ ಹಿಡಿಸಿದ್ದು ಸಂಗ್ರಹದ ದಾರಿ: ಬಾವಿಯಿಂದ ನಿಧಾನವಾಗಿ, ಟೈಮರ್ ಇಟ್ಟು ಬಿಟ್ಟು ಬಿಟ್ಟು ನೀರೆತ್ತಿ ದೊಡ್ಡ ತೊಟ್ಟಿಗೆ ತುಂಬುವುದು, ಅಲ್ಲಿಂದ ಬೇರೆಯೇ ಒಂದು ಪ್ರೆಷರ್ ಪಂಪಿನಲ್ಲಿ ಮನೆಗೆ ಕೊಡುವುದು. ನಿಮಿಷಕ್ಕೆ ಐದು ಲೀಟರ್ ಒರತೆ ಎಂದರೆ ಕೇಳುವಾಗ ಬಡಕಲು. ಇಪ್ಪತ್ತನಾಲ್ಕು ಗಂಟೆಯಲ್ಲಿ ಅದು 7,200 ಲೀಟರ್. ನೀರಿತ್ತು, ಬೇಕಾದ ಹೊತ್ತಿಗೆ ಇರಲಿಲ್ಲ.

ಹಳೆಯ ಪಂಪನ್ನು ಕಳಚುವ ಮುನ್ನ

ಬಾವಿಯ ಪಂಪೇ ಸವೆದಿದೆಯೋ ಎಂದು ತಿಳಿಯಲು ಒಂದು ಪರೀಕ್ಷೆ ಇದೆ. ಹೊರಪೈಪಿನ ವಾಲ್ವನ್ನು ಕೆಲವೇ ಸೆಕೆಂಡು ಪೂರ್ತಿ ಮುಚ್ಚಿ, ವಾಲ್ವಿಗೆ ಮೊದಲು ಕೂರಿಸಿದ ಗೇಜನ್ನು ಓದಬೇಕು. ಗೇಜ್ ಮತ್ತು ಪೈಪು ಆ ಒತ್ತಡ ತಾಳುವಂಥವಿರಬೇಕು, ಹಾಗಾಗಿ ತಿಳಿದವರಿಂದ ಮಾಡಿಸುವುದು ಲೇಸು. ಗೇಜ್ ಎರಡು ಬಾರ್ ತೋರಿಸಿದರೆ ಅದು 20 ಮೀಟರ್. ನೀರಿನ ಮಟ್ಟ ಅಲ್ಲಿಂದ 25 ಮೀಟರ್ ಕೆಳಗಿದ್ದರೆ ಪಂಪು ಒಟ್ಟು 45 ಮೀಟರ್ ಎತ್ತುತ್ತಿದೆ. ಪಂಪಿನ ಫಲಕದಲ್ಲಿ ಗರಿಷ್ಠ 70 ಎಂದು ಬರೆದಿದ್ದರೆ ಕಾಣೆಯಾದ 25 ಮೀಟರಿಗೆ ಲೆಕ್ಕ ಕೇಳಬೇಕು. ಇಂಪೆಲ್ಲರ್ ಸವೆದಿರಬಹುದು, ಬಾವಿಯೊಳಗಿನ ಪೈಪು ತೂತಾಗಿರಬಹುದು (ಪಂಪು ಓಡುವಾಗ ಬಾವಿಯ ಬಾಯಿಗೆ ಕಿವಿಗೊಟ್ಟರೆ ನೀರು ಒಳಗೇ ಸುರಿಯುವ ಸದ್ದು ಕೇಳುತ್ತದೆ), ವೋಲ್ಟೇಜು ಕುಸಿದಿರಬಹುದು. ಮೂರು ಫೇಸಿನ ಮೋಟಾರಾದರೆ ತಂತಿ ಅದಲುಬದಲಾಗಿ ಉಲ್ಟಾ ತಿರುಗುತ್ತಿರಬಹುದು; ಉಲ್ಟಾ ತಿರುಗಿದರೂ ನೀರು ಬರುತ್ತದೆ, ಸೊರಗಿ ಬರುತ್ತದೆ, ಅದಕ್ಕೇ ಯಾರಿಗೂ ಅನುಮಾನ ಬರುವುದಿಲ್ಲ.

ನಿಜಕ್ಕೂ ಹೊಸ ಪಂಪು ಬೇಕಾದರೆ ಅಂಗಡಿಯಲ್ಲಿ ಎಷ್ಟು ಎಚ್‌ಪಿ ಎಂದು ಕೇಳಬೇಡಿ. ಎಷ್ಟು ಮೀಟರ್ ಎತ್ತರಕ್ಕೆ ನಿಮಿಷಕ್ಕೆ ಎಷ್ಟು ಲೀಟರ್ ಎಂದು ಕೇಳಿ, ಆ ಕೋಷ್ಟಕವನ್ನು ತೆರೆಸಿ ನೋಡಿ. ಒಂದೇ ಎಚ್‌ಪಿಯ ಎರಡು ಪಂಪುಗಳಲ್ಲಿ ಒಂದು ಎತ್ತರಕ್ಕೆ, ಇನ್ನೊಂದು ಹರಿವಿಗೆ ಮಾಡಿದ್ದಿರಬಹುದು.

ಯಾವುದನ್ನೇ ಕೂರಿಸಿದರೂ, ಕೂರಿಸಿದ ದಿನವೇ ಪಂಪಿನ ಪಕ್ಕದ ಗೋಡೆಯ ಮೇಲೆ ಪೆನ್ಸಿಲಿನಲ್ಲಿ ತಾರೀಕು ಹಾಕಿ ಮೂರು ಅಂಕಿ ಬರೆದಿಡಿ: ನಲ್ಲಿ ಮುಚ್ಚಿದಾಗಿನ ಒತ್ತಡ, ಒಂದು ನಲ್ಲಿ ತೆರೆದಾಗಿನ ಒತ್ತಡ, ಬಕೆಟ್ ತುಂಬಲು ಹಿಡಿದ ಸೆಕೆಂಡು. ಎರಡು ವರ್ಷದ ಮೇಲೆ ನೀರು ಮತ್ತೆ ಸೊರಗಿದೆ ಎಂದು ಯಾರಾದರೂ ಹೇಳಿದಾಗ ಎಷ್ಟು ಸೊರಗಿದೆ ಎಂದು ಆ ಗೋಡೆಯನ್ನೇ ಕೇಳಬಹುದು.